ಲ್ಯಾಸೆನ್ ಜ್ವಾಲಾಮುಖಿ ಉದ್ಯಾನದಲ್ಲಿ ಮೂರು ದಿನ: ತಯಾರಿ ಹೇಗೆ?

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಹೆಚ್ಚಿನವರು ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದವರು. ಉತ್ತರ ಕ್ಯಾಲಿಫೋರ್ನಿಯಾದ ಲ್ಯಾಸೆನ್ ನಮಗೆ ನಾಲ್ಕೈದು ಗಂಟೆಯ ದಾರಿ. ಯೊಸೆಮಿಟಿಯಷ್ಟು ನೂಕುನುಗ್ಗಲು ಅಲ್ಲಿಲ್ಲ. ಹತ್ತಿರ ಇದೆಯಲ್ಲ, ಹೋದರಾಯಿತು ಅಂತ ಹೊರಡುವುದರಿಂದಲೇ ಈ ಪ್ರವಾಸ ಕೆಡುತ್ತದೆ. ಜ್ವಾಲಾಮುಖಿ ಅಂದರೆ ಎಲ್ಲರಿಗೂ ಬೆಂಕಿಯ ನೆನಪು. ಲ್ಯಾಸೆನ್‌ನಲ್ಲಿ ನಿಮ್ಮ ಯೋಜನೆಯನ್ನು ತಲೆಕೆಳಗು ಮಾಡುವುದು ಹಿಮ. ಅದಕ್ಕೇ ಮೊದಲು ವಾರ ಆರಿಸಿ, ಆಮೇಲೆ ಟೆಂಟ್ ಹಾಕುವ ಸೈಟ್, ನಡೆಯುವ ಟ್ರೇಲ್‌ಗಳ ಮಾತು ಕೊನೆಗೆ.

ಉದ್ಯಾನದ ನಡುವೆ ಹಾದುಹೋಗುವ ರಸ್ತೆ ಸುಮಾರು 30 ಮೈಲಿ. ಅದರ ಅತಿ ಎತ್ತರದ ಜಾಗ 8,500 ಅಡಿಯನ್ನೂ ದಾಟುತ್ತದೆ. ಸಾಮಾನ್ಯವಾಗಿ ನವೆಂಬರ್‌ನಲ್ಲಿ ಮುಚ್ಚಿದರೆ ತೆರೆಯುವುದು ಜೂನ್‌ನಲ್ಲಿ, ಹಿಮ ಜಾಸ್ತಿ ಬಿದ್ದ ವರ್ಷ ಜುಲೈನಲ್ಲಿ. ಮೇ ಕೊನೆಯ ಲಾಂಗ್ ವೀಕೆಂಡಿಗೆ ಬುಕ್ ಮಾಡಿದವರು ದಕ್ಷಿಣದ ಗೇಟಿನಿಂದ ಒಳಗೆ ಹೋಗಿ ಉತ್ತರದ ಕ್ಯಾಂಪ್‌ಗ್ರೌಂಡ್ ಸೇರಬಹುದು ಅಂದುಕೊಂಡಿರುತ್ತಾರೆ. ನಡುವೆ ಆಳೆತ್ತರದ ಹಿಮ ಬಿದ್ದಿರುತ್ತದೆ, ಸುತ್ತುಬಳಸಿ ಹೋಗಬೇಕು. ರಸ್ತೆ ತೆರೆದ ಮೇಲೂ ಕುದಿಯುವ ಕೆಸರಿನ ಬಂಪಾಸ್ ಹೆಲ್, ಶಿಖರವಾದ ಲ್ಯಾಸೆನ್ ಪೀಕ್, ಇವುಗಳ ನಡಿಗೆ ದಾರಿಗಳಲ್ಲಿ ಇನ್ನೂ ಕೆಲವು ವಾರ ಹಿಮ ಉಳಿಯುತ್ತದೆ. ಜುಲೈನಲ್ಲಿ ಸಮ್ಮಿಟ್ ಲೇಕ್ ಸುತ್ತ ಸೊಳ್ಳೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಕಾಡ್ಗಿಚ್ಚಿನ ಹೊಗೆ ಬರಬಹುದು. ಇಷ್ಟೆಲ್ಲ ಅಳೆದು ನೋಡಿದರೆ ಮಕ್ಕಳಿರುವ ಕುಟುಂಬಕ್ಕೆ ಜುಲೈ ಕೊನೆಯಿಂದ ಆಗಸ್ಟ್ ಮಧ್ಯದವರೆಗಿನ ಅವಧಿಯೇ ವಾಸಿ.

ಇನ್ನು ಸೈಟ್. ಮೊದಲ ಸಲ ಹೋಗುವವರಿಗೆ ಮ್ಯಾನ್ಜನಿಟಾ ಲೇಕ್ ಕ್ಯಾಂಪ್‌ಗ್ರೌಂಡ್. 179 ಸೈಟ್‌ಗಳಿವೆ, ಅಂಗಡಿ, ಸ್ನಾನದ ಮನೆ ಎರಡೂ ಇವೆ. ಎತ್ತರ 5,900 ಅಡಿ, ಹಾಗಾಗಿ ಮೊದಲ ರಾತ್ರಿ ದೇಹಕ್ಕೂ ಹಿತ. ಬೇಸಿಗೆಯ ವಾರಾಂತ್ಯಕ್ಕೆ ಆರು ತಿಂಗಳ ಮುಂಚೆಯೇ ಆನ್‌ಲೈನ್ ಬುಕಿಂಗ್‌ಗೆ ಕೂರಬೇಕು. ಒಂದು ಸೈಟಿಗೆ ಆರು ಜನ ಮಾತ್ರ. ಮೂರು ಕುಟುಂಬ ಸೇರಿ ಒಂದು ಸೈಟ್ ಹಿಡಿದು ಅಲ್ಲೇ ಅಡ್ಜಸ್ಟ್ ಮಾಡೋಣ ಅನ್ನುವ ನಮ್ಮ ಅಭ್ಯಾಸ ಅಲ್ಲಿ ನಡೆಯುವುದಿಲ್ಲ.

ಟೆಂಟಿನ ವಿಷಯಕ್ಕೆ ಬಂದರೆ, ಅಲ್ಲಿನ ನೆಲ ಎಷ್ಟೋ ಕಡೆ ಬೂದಿ ಮತ್ತು ಸಡಿಲ ಕಲ್ಲುಪುಡಿ. ಟೆಂಟಿನ ಜೊತೆ ಬರುವ ತೆಳು ತಂತಿಯ ಗೂಟ ಸಲೀಸಾಗಿ ಇಳಿಯುತ್ತದೆ, ಸಂಜೆ ಗಾಳಿ ಎದ್ದರೆ ಅಷ್ಟೇ ಸಲೀಸಾಗಿ ಕಿತ್ತು ಬರುತ್ತದೆ. ಒಂದಡಿ ಉದ್ದದ ಅಗಲ ಗೂಟ ತನ್ನಿ, ಇಲ್ಲವೇ ಹಗ್ಗವನ್ನು ದೊಡ್ಡ ಕಲ್ಲಿಗೆ ಸುತ್ತಿ ಕಟ್ಟಿ. 2021ರ ಡಿಕ್ಸಿ ಎಂಬ ಕಾಡ್ಗಿಚ್ಚು ಈ ಉದ್ಯಾನದ ಮೂರರಲ್ಲಿ ಎರಡು ಪಾಲಿನಷ್ಟನ್ನು ಹಾದುಹೋಗಿದೆ. ಸುಟ್ಟು ನಿಂತ ಮರ ಗಾಳಿಯಿಲ್ಲದೆಯೂ ಬೀಳುತ್ತದೆ. ಅದರ ಕೆಳಗೆ ಟೆಂಟ್ ಹಾಕುವುದಿರಲಿ, ಬುತ್ತಿ ಬಿಚ್ಚಲೂ ಕೂರಬೇಡಿ. ಆಗಸ್ಟ್‌ನಲ್ಲೂ ರಾತ್ರಿ ನಾಲ್ಕೈದು ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಬಹುದು. ಮೈನಸ್ 7 ಡಿಗ್ರಿ ಎಂದು ಬರೆದಿರುವ ಸ್ಲೀಪಿಂಗ್ ಬ್ಯಾಗ್ ಇರಲಿ, ಅದಕ್ಕಿಂತ ಮುಖ್ಯವಾಗಿ ಅಡಿಯಲ್ಲಿ ಒಳ್ಳೆಯ ಪ್ಯಾಡ್. ಚಳಿ ಹತ್ತುವುದು ನೆಲದಿಂದ.

ಅಡುಗೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ನಮ್ಮವರ ತಕರಾರು ಶುರುವಾಗುವುದೇ ಅಲ್ಲಿಂದ. 5,900 ಅಡಿಯಲ್ಲಿ ನೀರು ಸುಮಾರು 94 ಡಿಗ್ರಿಗೇ ಕುದಿಯುತ್ತದೆ. ಬರೀ ಪಾತ್ರೆಯಲ್ಲಿ ತೊಗರಿಬೇಳೆ ಇಟ್ಟರೆ ನುಣ್ಣಗಾಗಲು ತುಂಬಾ ಹೊತ್ತು ಬೇಕು, ಅಷ್ಟರಲ್ಲಿ ಗ್ಯಾಸ್ ಖಾಲಿ. ಮೂರು ಲೀಟರಿನ ಕುಕ್ಕರ್ ಒಯ್ಯಿರಿ, ಇಲ್ಲವಾದರೆ ನೆನೆಸಿದ ಹೆಸರುಬೇಳೆಗೆ ಇಳಿಯಿರಿ. ಬೆಳಿಗ್ಗೆಗೆ ಅವಲಕ್ಕಿ ಅಥವಾ ಮನೆಯಲ್ಲೇ ರವೆ ಹುರಿದು ಒಗ್ಗರಣೆ ಕೂಡಿಸಿಟ್ಟ ಉಪ್ಪಿಟ್ಟು ಸಾಕು. ಸ್ಟೋವ್ ಬಗ್ಗೆ ಒಂದು ಎಚ್ಚರಿಕೆ: ಉದ್ದ ಡಬ್ಬಿ ಹಾಕುವ ಅಗ್ಗದ ಬ್ಯುಟೇನ್ ಒಲೆ ಮನೆಯಲ್ಲಿ ಚೆನ್ನಾಗಿ ಉರಿಯುತ್ತದೆ. ಬ್ಯುಟೇನ್ ಸೊನ್ನೆ ಡಿಗ್ರಿ ಹತ್ತಿರ ಅನಿಲವಾಗುವುದೇ ಇಲ್ಲ, ಹಾಗಾಗಿ ಚಳಿಯ ಬೆಳಗ್ಗೆ ಕಾಫಿಯ ಹೊತ್ತಿಗೆ ಉರಿ ಕುಂದಿರುತ್ತದೆ. ಪ್ರೊಪೇನ್‌ಗೆ ಆ ತೊಂದರೆ ಇಲ್ಲ. 16 ಔನ್ಸಿನ ಒಂದು ಪ್ರೊಪೇನ್ ಡಬ್ಬಿ ಒಂದು ಬರ್ನರ್ ಪೂರ್ತಿ ಉರಿಯಲ್ಲಿಟ್ಟರೆ ಸುಮಾರು ಎರಡು ಗಂಟೆ ಬರುತ್ತದೆ. ನಾಲ್ಕು ಜನಕ್ಕೆ ಎರಡು ರಾತ್ರಿಗೆ ಎರಡು ಡಬ್ಬಿ, ಕೈಗಿರಲಿ ಅಂತ ಇನ್ನೊಂದು. ಮಳೆ ಬಂತೆಂದು ಒಲೆಯನ್ನು ಟೆಂಟಿನೊಳಗೆ ತರಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ.

ತುಪ್ಪ, ಉಪ್ಪಿನಕಾಯಿ, ಚಟ್ನಿಪುಡಿ, ಟೂತ್‌ಪೇಸ್ಟ್, ಮಗುವಿನ ಎಣ್ಣೆ, ಇವೆಲ್ಲ ಕರಡಿಯ ಲೆಕ್ಕದಲ್ಲಿ ಊಟವೇ. ಸೈಟಿನಲ್ಲಿ ಕಬ್ಬಿಣದ ಪೆಟ್ಟಿಗೆ ಇರುತ್ತದೆ, ಎಲ್ಲವೂ ಅದರೊಳಗೆ. ಕಾರಿನಲ್ಲಿಟ್ಟರೆ ಸಾಲದು. ಕ್ಯಾಂಪ್‌ಗ್ರೌಂಡ್ ಬಿಟ್ಟು ಕಾಡಿನೊಳಗೆ ರಾತ್ರಿ ತಂಗುವವರಿಗೆ ಪರ್ಮಿಟ್ ಮತ್ತು ಗಟ್ಟಿ ಕವಚದ ಕರಡಿ ಡಬ್ಬಿ ಕಡ್ಡಾಯ. ಅಲ್ಲಿ ಬೆಂಕಿ ಹಾಕುವಂತಿಲ್ಲ.

ಇನ್ನು ನಡಿಗೆ. ಲ್ಯಾಸೆನ್ ಪೀಕ್ 10,457 ಅಡಿ. ಹೋಗಿ ಬರುವುದು 5 ಮೈಲಿ, ಏರು ಸುಮಾರು 2,000 ಅಡಿ. ದೂರ ಕಡಿಮೆ ಅನ್ನಿಸುತ್ತದೆ, ಆದರೆ ದಾರಿ ಶುರುವಾಗುವುದೇ 8,500 ಅಡಿಯಲ್ಲಿ. ಶುಕ್ರವಾರ ಸಮುದ್ರಮಟ್ಟದಿಂದ ಹೊರಟು ಶನಿವಾರ ಬೆಳಿಗ್ಗೆ ಏರುವವರಿಗೆ ತಲೆನೋವು, ವಾಕರಿಕೆ ಬರುವುದು ಇದರಿಂದಲೇ. ಭಾನುವಾರಕ್ಕೆ ಇಟ್ಟುಕೊಳ್ಳಿ. ಏಳು ಗಂಟೆಗೆ ನಡೆಯಲು ಶುರು, ಮಧ್ಯಾಹ್ನಕ್ಕೆ ಮುಂಚೆ ಕೆಳಗೆ. ಮಧ್ಯಾಹ್ನದ ಮೇಲೆ ಗುಡುಗಿನ ಮೋಡ ಕಟ್ಟಿದರೆ ಆ ಬೋಳು ತುದಿಯಲ್ಲಿ ನೀವೇ ಎತ್ತರದ ವಸ್ತು. ತಲೆನೋವು ಜೋರಾದರೆ ಮಾತ್ರೆ ನುಂಗಿ ಮುಂದುವರಿಯಬೇಡಿ, ಇಳಿಯಿರಿ.

ಸಿಂಡರ್ ಕೋನ್ ಬೇರೆಯೇ ಬಗೆಯ ಕಷ್ಟ. ಬ್ಯೂಟ್ ಲೇಕ್‌ನಿಂದ ಹೋಗಿ ಬರಲು 4 ಮೈಲಿ. ಅಲ್ಲಿಗೆ ಸೇರಲು ಹೆದ್ದಾರಿ 44ರಿಂದ 6 ಮೈಲಿ ಮಣ್ಣುರಸ್ತೆ. 1666ರ ಸುಮಾರಿಗೆ ಚಿಮ್ಮಿದ ಕಿಟ್ಟಗಲ್ಲಿನ ಗುಡ್ಡ ಇದು. ಇಳಿಜಾರಿನಲ್ಲಿ ಇಟ್ಟ ಹೆಜ್ಜೆಯ ಅರ್ಧದಷ್ಟು ಹಿಂದಕ್ಕೆ ಜಾರುತ್ತದೆ. ನೆರಳಿಲ್ಲ, ಕಪ್ಪು ನೆಲ ಬಿಸಿಲು ಹೀರಿ ಕಾಯುತ್ತದೆ. ಎಂಟು ಗಂಟೆಗೆ ಮುಂಚೆ ಹೊರಡಿ, ತಲೆಗೆ ಮೂರು ಲೀಟರ್ ನೀರು, ಎರಡು ಕೋಲು. ಜಾಳಿಗೆಯ ಶೂ ಹಾಕಿದರೆ ಪುಡಿಕಲ್ಲು ಒಳಗೆ ಸೇರಿ ಇಳಿಯುವಾಗ ಹಿಮ್ಮಡಿ ಕೆರೆಯುತ್ತದೆ. ಮೇಲಿನಿಂದ ಕಾಣುವ ಬಣ್ಣದ ಬೂದಿ ದಿಬ್ಬಗಳ ಮೇಲೆ ನಡೆಯಬೇಡಿ, ಹೆಜ್ಜೆ ಗುರುತು ವರ್ಷಗಟ್ಟಲೆ ಅಳಿಯುವುದಿಲ್ಲ.

ಬಂಪಾಸ್ ಹೆಲ್ ಮೂರು ಮೈಲಿಯ ಹಗುರ ನಡಿಗೆ, ಅಪಾಯ ಮಾತ್ರ ಎಲ್ಲಕ್ಕಿಂತ ಹೆಚ್ಚು. 1860ರ ದಶಕದಲ್ಲಿ ಕೆಂಡಲ್ ಬಂಪಾಸ್ ಎಂಬಾತನ ಕಾಲು ಇಲ್ಲಿನ ತೆಳು ನೆಲ ಒಡೆದು ಕುದಿಯುವ ಕೆಸರಿಗೆ ಇಳಿಯಿತು, ಕೊನೆಗೆ ಕಾಲನ್ನೇ ಕಳೆದುಕೊಂಡ. ಹಿಮ ಕರಗಿದ ನೀರು ಆಳಕ್ಕೆ ಇಳಿದು, ಬಿಸಿ ಬಂಡೆಗೆ ತಾಗಿ, ಆವಿಯಾಗಿ ಏರುತ್ತದೆ. ಗಂಧಕದ ಅನಿಲ ಆಮ್ಲವಾಗಿ ಬಂಡೆಯನ್ನೇ ಜೇಡಿಯಾಗಿಸುತ್ತದೆ. ಮೇಲೆ ಒಣಗಿದ ಪದರ, ಕೆಳಗೆ ಪೊಳ್ಳು. ಬಿಗ್ ಬಾಯ್ಲರ್ ಎಂಬ ಆವಿಬಾಯಿಯಲ್ಲಿ 1988ರಲ್ಲಿ 161 ಡಿಗ್ರಿ ಸೆಲ್ಸಿಯಸ್ ಅಳೆದಿದ್ದಾರೆ. ಮರದ ಹಲಗೆ ಹಾದಿ ಬಿಟ್ಟು ಒಂದಡಿಯೂ ಆಚೆ ಬೇಡ, ಸಣ್ಣ ಮಕ್ಕಳ ಕೈ ಹಿಡಿದೇ ಇರಿ. ಬೇಸಿಗೆಯ ಆರಂಭದಲ್ಲಿ ನೀರು ಹೆಚ್ಚಿದ್ದು ಕೆಸರು ತೆಳ್ಳಗಿರುತ್ತದೆ, ಸೆಪ್ಟೆಂಬರ್ ಹೊತ್ತಿಗೆ ಗಟ್ಟಿಯಾಗಿ ಗುಳುಗುಳು ಎನ್ನುತ್ತದೆ. ನೋಡಲು ಎರಡನೆಯದೇ ಚೆಂದ. ಆಸ್ತಮಾ ಇದ್ದವರು ಗಾಳಿ ಬೀಸುವ ದಿಕ್ಕು ನೋಡಿ ನಿಲ್ಲಲಿ.

ಮೊಬೈಲ್ ಸಿಗ್ನಲ್ ಬಹುತೇಕ ಇಲ್ಲ. ಮ್ಯಾಪ್ ಮನೆಯಲ್ಲೇ ಇಳಿಸಿಕೊಳ್ಳಿ, ಪೆಟ್ರೋಲ್ ರೆಡ್ಡಿಂಗ್ ಅಥವಾ ರೆಡ್ ಬ್ಲಫ್‌ನಲ್ಲೇ ತುಂಬಿಸಿ. ಹೊರಡುವ ಹಿಂದಿನ ಸಂಜೆ ಉದ್ಯಾನದ ಜಾಲತಾಣದಲ್ಲಿ ರಸ್ತೆ, ಬೆಂಕಿ ನಿಷೇಧ, ಗಾಳಿಯ ಗುಣಮಟ್ಟ, ಈ ಮೂರನ್ನು ನೋಡಿ. ಹೊಗೆ ಜಾಸ್ತಿ ಇದ್ದರೆ ಶಿಖರ ಬಿಟ್ಟುಬಿಡಿ. ಉತ್ತರಕ್ಕೆ ಸುಮಾರು ಒಂದು ಗಂಟೆ ಹೋದರೆ ಬರ್ನಿ ಜಲಪಾತವಿದೆ, ಅಲ್ಲಿ ಗಾಳಿ ತಿಳಿಯಾಗಿದೆಯೇ ಎಂದು ನೋಡಿಕೊಂಡು ಹೊರಡಿ. ದಾರಿಯಲ್ಲೇ ಓಲ್ಡ್ ಸ್ಟೇಷನ್ ಹತ್ತಿರ ಸಬ್‌ವೇ ಕೇವ್ ಎಂಬ ಲಾವಾ ಸುರಂಗ, ಮೂರನೇ ಒಂದು ಮೈಲಿ ಉದ್ದ, ಬೇಸಿಗೆಯಲ್ಲೂ ಒಳಗೆ ಸುಮಾರು 8 ಡಿಗ್ರಿ. ಸ್ವೆಟರ್ ಬೇಕು. ನೆಲ ಏರುಪೇರು, ಕತ್ತಲು ಗಾಢ. ಫೋನಿನ ಬೆಳಕು ಸಾಲುವುದಿಲ್ಲ, ತಲೆಗೊಂದು ಟಾರ್ಚ್ ಇರಲಿ.