ಜೀರುಂಡೆಯ ಬೆನ್ನಿನ ಮೇಲೊಂದು ಬೂಸ್ಟು

ಕೇಳುಗರೇ, ನಮಸ್ಕಾರ.

ನಿಂತ ನೀರಿನ ಮೇಲೆ ಗಿರಗಿರ ಸುತ್ತುವ ಪುಟ್ಟ ಕಪ್ಪು ಹುಳುಗಳನ್ನು ನೀವು ನೋಡಿರಬಹುದು. ಕೈ ಹಾಕಿದರೆ ಚದುರಿ ಹೋಗುತ್ತವೆ, ಸ್ವಲ್ಪ ಹೊತ್ತಿಗೆ ಮತ್ತೆ ಗುಂಪು ಕೂಡುತ್ತವೆ. ಇವು ಒಂದು ಬಗೆಯ ನೀರು ಜೀರುಂಡೆಗಳು. ನೀರೊಳಗೆ ಮುಳುಗಿ ಈಜುವ ಜೀರುಂಡೆಗಳೂ ಇವೆ. ಅವು ರೆಕ್ಕೆಯ ಚಿಪ್ಪಿನಡಿ ಗಾಳಿ ತುಂಬಿಕೊಂಡು ಕೆಳಗಿಳಿಯುತ್ತವೆ. ಇಂಥ ಜೀರುಂಡೆಗಳ ಮೈಮೇಲೆ ಕೆಲವೊಮ್ಮೆ ಒಂದು ಶಿಲೀಂಧ್ರ ಬೆಳೆದಿರುತ್ತದೆ. ಇವತ್ತಿನ ಮಾತು ಅದರ ಬಗ್ಗೆ.

ಬೂಸ್ಟು ಅಂದಕೂಡಲೇ ಬೆಳ್ಳಗೆ ಹಬ್ಬುವ ಎಳೆಗಳು ನೆನಪಾಗುತ್ತವೆ, ಅಲ್ವಾ? ಇದರಲ್ಲಿ ಆ ಎಳೆಗಳೇ ಇಲ್ಲ. ಎರಡೇ ಕೋಶಗಳ ಒಂದು ಬೀಜಕಣ ಬಂದು ಜೀರುಂಡೆಯ ಚಿಪ್ಪಿಗೆ ಅಂಟುತ್ತದೆ. ಅಂಟಿದ ತುದಿ ಕಪ್ಪಾಗಿ ಗಟ್ಟಿಯಾಗುತ್ತದೆ. ಅದೇ ಅದರ ಪಾದ. ಆಮೇಲೆ ಕೋಶಗಳು ಒಂದು ಕ್ರಮದಲ್ಲಿ ಒಡೆಯುತ್ತಾ ಮೇಲೇಳುತ್ತವೆ. ಯಾವ ಕೋಶದ ಪಕ್ಕ ಯಾವ ಕೋಶ ಬರಬೇಕು ಅನ್ನುವುದೂ ಹೆಚ್ಚುಕಡಿಮೆ ನಿಗದಿ. ಅಷ್ಟು ಬೆಳೆದ ಮೇಲೆ ನಿಂತುಬಿಡುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಳದಿ ಮಿಶ್ರಿತ ಕಂದು ಬಣ್ಣದ, ಬೆಳಕು ಹಾಯುವ ಪುಟ್ಟ ಹೂಜಿ ಕಾಣುತ್ತದೆ. ಅದರ ಬಾಯಿಂದ ಹೊಸ ಬೀಜಕಣಗಳು ಹೊರಬರುತ್ತವೆ. ಪಕ್ಕದಲ್ಲಿ ಒಂದೆರಡು ತೆಳ್ಳನೆಯ ಕವಲುಗಳಿರುತ್ತವೆ. ಇಷ್ಟೆಲ್ಲ ಸೇರಿ ಬಹುತೇಕ ಒಂದು ಮಿಲಿಮೀಟರಿಗಿಂತ ಚಿಕ್ಕದು. ಎಷ್ಟೋ ಪ್ರಭೇದಗಳು ಅದರ ಐದನೇ ಒಂದು ಭಾಗವಷ್ಟೇ ಇರುತ್ತವೆ.

ಇದನ್ನು ಹುಳುವಿನ ಕೂದಲೆಂದು ಭಾವಿಸಿ ಕಡೆಗಣಿಸುವುದು ಸುಲಭ. 1840ರ ದಶಕದಲ್ಲಿ ಫ್ರಾನ್ಸಿನ ಲಬೂಲ್‌ಬೆನ್ ಮತ್ತು ರೂಜೆ ಎಂಬ ಕೀಟ ಅಧ್ಯಯನಕಾರರು ನೆಲದ ಜೀರುಂಡೆಗಳ ಮೇಲೆ ಇದನ್ನು ಗಮನಿಸಿದರು. 1853ರಲ್ಲಿ ಲಬೂಲ್‌ಬೆನಿಯಾ ಎಂಬ ಹೆಸರು ಬಂತು. ಇಡೀ ಗುಂಪಿಗೆ ಈಗ ಲಬೂಲ್‌ಬೆನಿಯೇಲೀಸ್ ಅನ್ನುತ್ತಾರೆ. ಹಾರ್ವರ್ಡ್ ವಿಶ್ವವಿದ್ಯಾಲಯದ ರೋಲಂಡ್ ಥಾಕ್ಸ್‌ಟರ್ ಈ ಗುಂಪಿಗೇ ತಮ್ಮ ಬದುಕನ್ನು ಕೊಟ್ಟರು. 1896ರಿಂದ 1931ರವರೆಗೆ ಐದು ದೊಡ್ಡ ಸಂಪುಟಗಳನ್ನು ತಂದರು. ಸಾವಿರಕ್ಕೂ ಹೆಚ್ಚು ಪ್ರಭೇದಗಳನ್ನು ವಿವರಿಸಿದರು. ಇವತ್ತು ಎರಡು ಸಾವಿರಕ್ಕೂ ಹೆಚ್ಚು ಪ್ರಭೇದಗಳು ಗೊತ್ತಿವೆ. ಅವುಗಳಲ್ಲಿ ಸುಮಾರು ಶೇಕಡಾ 80ರಷ್ಟು ಜೀರುಂಡೆಗಳ ಮೇಲೇ ಇರುವಂಥವು.

ಇನ್ನು ನನ್ನನ್ನು ಎಲ್ಲಕ್ಕಿಂತ ಹಿಡಿದು ನಿಲ್ಲಿಸಿದ ಸಂಗತಿ. ಈ ಶಿಲೀಂಧ್ರದ ಬೀಜಕಣಗಳಿಗೆ ಅಂಟು ಜಾಸ್ತಿ, ಆಯಸ್ಸು ಕಮ್ಮಿ. ಗಾಳಿಯಲ್ಲಿ ದೂರ ಹಾರಿಹೋಗಿ ಬೆಳೆಯುವುದು ಇದರ ದಾರಿಯಲ್ಲ. ಒಂದು ಹುಳು ಇನ್ನೊಂದಕ್ಕೆ ಮೈ ತಾಗಿಸಿದಾಗ ದಾಟಿಕೊಳ್ಳುತ್ತದೆ. ಸುತ್ತುವ ಜೀರುಂಡೆಗಳು ಸದಾ ಗುಂಪಿನಲ್ಲಿರುವುದರಿಂದ ಇದಕ್ಕೆ ಅನುಕೂಲ. ಮರಿಹುಳುಗಳ ಮೇಲೆ ಇದು ಕಾಣುವುದು ಬಲು ಅಪರೂಪ. ಅವು ಪೊರೆ ಕಳಚಿದರೆ ಶಿಲೀಂಧ್ರವೂ ಪೊರೆಯ ಜೊತೆಗೇ ಹೋಗುತ್ತದೆ. ಬೆಳೆದ ಜೀರುಂಡೆ ಮತ್ತೆ ಪೊರೆ ಬಿಡುವುದಿಲ್ಲ.

ಮಿಲನದ ಹೊತ್ತಿನಲ್ಲಿ ದಾಟುವುದು ಒಂದು ಮುಖ್ಯ ದಾರಿ. ಮುಳುಗುವ ಜೀರುಂಡೆಗಳ ಹಲವು ಜಾತಿಗಳಲ್ಲಿ ಗಂಡಿನ ಮುಂಗಾಲಿಗೆ ಅಂಟಿ ಹಿಡಿಯುವ ಬಟ್ಟಲುಗಳಿರುತ್ತವೆ. ಅವುಗಳಿಂದ ಹೆಣ್ಣಿನ ಬೆನ್ನನ್ನು ಹಿಡಿಯುತ್ತದೆ. ಗಂಡಿನ ಕಾಲು, ಹೊಟ್ಟೆ ಹೆಣ್ಣಿನ ಬೆನ್ನಿಗೆ ತಾಗುತ್ತವೆ. ಹಾಗಾಗಿ ಗಂಡಿನಲ್ಲಿ ಶಿಲೀಂಧ್ರ ಹೆಚ್ಚಾಗಿ ಮೈಯ ಅಡಿಭಾಗದಲ್ಲಿ, ಹೆಣ್ಣಿನಲ್ಲಿ ಬೆನ್ನ ಮೇಲೆ. 1870ರ ದಶಕದಲ್ಲೇ ಪೇರಿಚ್ ಎಂಬ ವಿಜ್ಞಾನಿ ಮನೆನೊಣಗಳ ಮೇಲೆ ಈ ವ್ಯತ್ಯಾಸವನ್ನು ಗುರುತಿಸಿದ್ದರು.

ನೀರು ಜೀರುಂಡೆಗಳಲ್ಲಂತೂ ಈ ಜಾಗದ ಕಟ್ಟುಪಾಡು ಬೆರಗು ಹುಟ್ಟಿಸುವ ಮಟ್ಟಕ್ಕೆ ಹೋಗುತ್ತದೆ. ಲ್ಯಾಕೋಫಿಲಸ್ ಎಂಬ ಪುಟ್ಟ ಮುಳುಗು ಜೀರುಂಡೆಯ ಮೇಲೆ ಕೈಟೋನೋಮೈಸಿಸ್ ಅನ್ನುವ ಶಿಲೀಂಧ್ರಗಳಿವೆ. ಒಂದು ರೂಪದ್ದು ಚಿಪ್ಪಿನ ಅಂಚಿನ ಒಂದೇ ಚುಕ್ಕೆಯಲ್ಲಿ ಸಿಗುತ್ತದೆ. ಇನ್ನೊಂದು ರೂಪದ್ದು ಕಾಲಿನ ಒಂದೇ ಗಂಟಿನಲ್ಲಿ. ಪಕ್ಕಕ್ಕೆ ಸರಿದರೆ ಇಲ್ಲ. ಹಳಬರು ಇವಕ್ಕೆಲ್ಲ ಬೇರೆ ಬೇರೆ ಪ್ರಭೇದವೆಂದು ಹೆಸರಿಟ್ಟರು. ಅಷ್ಟು ಸಣ್ಣ ಮೈಯಲ್ಲಿ ಅಷ್ಟೊಂದು ಪ್ರಭೇದಗಳು ಜಾಗ ಹಂಚಿಕೊಂಡವೇ ಅನ್ನುವ ಚರ್ಚೆ ನೂರು ವರ್ಷ ನಡೆಯಿತು. 2012ರಲ್ಲಿ ಗೋಲ್ಡ್‌ಮನ್ ಮತ್ತು ವೈರ್ ಎಂಬ ಸಂಶೋಧಕರು ಡಿಎನ್ಎ ಓದಿ ನೋಡಿದರು. ಬೇರೆ ಅಂದುಕೊಂಡಿದ್ದ ಹಲವು ರೂಪಗಳು ಎರಡೆರಡು ಸೇರಿ ಒಂದೇ ಪ್ರಭೇದ! ಮಿಲನದಲ್ಲಿ ಗಂಡಿನ ಯಾವ ಭಾಗ ಹೆಣ್ಣಿನ ಯಾವ ಭಾಗಕ್ಕೆ ತಾಗುತ್ತದೋ ಅಲ್ಲಲ್ಲಿ ಬೆಳೆದು, ಜಾಗಕ್ಕೆ ತಕ್ಕ ಆಕಾರ ತಾಳಿತ್ತು. ಜೀರುಂಡೆಗಳು ನೀರೊಳಗೆ ಹೇಗೆ ಕೂಡುತ್ತವೆ ಅನ್ನುವುದನ್ನು ಶಿಲೀಂಧ್ರ ತನ್ನ ಮೈಯಲ್ಲೇ ಬರೆದಿಟ್ಟುಕೊಂಡಿತ್ತು.

ಹುಳುವಿಗೆ ತೊಂದರೆಯೇ? ಸಾಮಾನ್ಯವಾಗಿ ಸಾಯಿಸುವಷ್ಟಿಲ್ಲ. ಕೆಲವು ಬಗೆಗಳು ಚಿಪ್ಪು ತೂರಿ ಬೇರಿನಂಥ ಎಳೆ ಇಳಿಸುತ್ತವೆ, ಉಳಿದ ಹಲವು ಮೇಲೆಯೇ ಕೂರುತ್ತವೆ. ಆದರೆ ಹುಳುವಿಲ್ಲದೆ ಅವಕ್ಕೆ ಬದುಕಿಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿ ಇವನ್ನು ಪೂರ್ತಿ ಬೆಳೆಸಿ ಬೀಜಕಣದವರೆಗೆ ತರುವುದು ಸಾಧ್ಯವಾಗಿಲ್ಲ. ಬಹುತೇಕ ಪ್ರಭೇದಗಳು ಒಂದೋ ಎರಡೋ ಹತ್ತಿರದ ಜಾತಿಗಳನ್ನೇ ನಂಬಿವೆ. ನೀರು ಕೆಟ್ಟು ಒಂದು ಜೀರುಂಡೆ ಜಾತಿ ಅಳಿದರೆ, ಅದನ್ನೇ ನಂಬಿದ್ದ ಶಿಲೀಂಧ್ರವೂ ಅಳಿಯುತ್ತದೆ. ಇದು ನನ್ನನ್ನು ನಿಜವಾಗಿ ಕಾಡುತ್ತದೆ.

ಸಂಗ್ರಹಾಲಯಗಳಲ್ಲಿ ಸೂಜಿ ಚುಚ್ಚಿಟ್ಟ ಹಳೆಯ ಜೀರುಂಡೆಗಳ ಮೇಲೂ ಇವು ಹಾಗೇ ಉಳಿದಿರುತ್ತವೆ. ಎಷ್ಟೋ ಹೊಸ ಪ್ರಭೇದಗಳು ಸಿಕ್ಕಿರುವುದು ಅಲ್ಲೇ. ಕೀಟ ಸಂಗ್ರಹಿಸುವ ಹವ್ಯಾಸ ನಿಮಗಿದ್ದರೆ, ಮಾದರಿಯನ್ನು ಉಜ್ಜಿ ತೊಳೆಯುವ ಮೊದಲು ಭೂತಗನ್ನಡಿ ಹಿಡಿದು ಚಿಪ್ಪಿನ ಅಂಚು, ಕಾಲಿನ ಗಂಟು, ಹೊಟ್ಟೆಯ ಕೆಳಭಾಗ ನೋಡಿ. ಕೂದಲಿನಂಥದ್ದು ಒಂದೇ ಕಡೆ ಗುಂಪಾಗಿ ನಿಂತಿದ್ದರೆ, ಅದನ್ನು ಬ್ರಷ್ಷಿನಿಂದ ಒರೆಸಬೇಡಿ. ಹುಳುವನ್ನು ಹಾಗೇ ಆಲ್ಕೋಹಾಲಿನಲ್ಲಿಡಿ. ಎಲ್ಲಿ, ಯಾವತ್ತು ಸಿಕ್ಕಿತು, ಗಂಡೋ ಹೆಣ್ಣೋ ಎಂದು ಚೀಟಿಯಲ್ಲಿ ಬರೆದಿಡಿ.

ನಮಸ್ಕಾರ.