ಪದವಿ ಇಲ್ಲದ ವರ್ಷದ ಸದಸ್ಯ

ಕೇಳುಗರಿಗೆ ನಮಸ್ಕಾರ.

ರೋಟರಿ, ಲಯನ್ಸ್‌ನಂಥ ಸೇವಾ ಸಂಸ್ಥೆಗಳ ವರ್ಷ ಶುರುವಾಗುವುದು ಜುಲೈ 1ರಂದು. ಹೊಸ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಅಧಿಕಾರ ವಹಿಸಿಕೊಳ್ಳುತ್ತಾರೆ. ಹಿಂದಿನ ದಿನದವರೆಗೆ ಆ ಸ್ಥಾನಗಳಲ್ಲಿದ್ದವರು ಸಾಮಾನ್ಯ ಸದಸ್ಯರ ಸಾಲಿಗೆ ಬಂದು ಕೂರುತ್ತಾರೆ. ಸದಸ್ಯನೊಬ್ಬನ ನಿಷ್ಠೆ ಎಷ್ಟು ಗಟ್ಟಿಯಾದದ್ದು ಎಂಬುದು ತಿಳಿಯತೊಡಗುವುದು ಈ ಹೊತ್ತಿನಿಂದಲೇ ಎಂದು ನನಗೆ ಅನ್ನಿಸುತ್ತದೆ. ಪದವಿಯಲ್ಲಿದ್ದಾಗ ದುಡಿಯುವವರು ಅನೇಕರು. ವೇದಿಕೆ, ಹಾರ, ಪತ್ರಿಕೆಯ ಚಿತ್ರ ಯಾವುದೂ ಇಲ್ಲದ ವರ್ಷದಲ್ಲೂ ಅದೇ ಹುರುಪಿನಿಂದ ದುಡಿಯುವವರು ಸಂಸ್ಥೆಯ ನಿಜವಾದ ಬಲ.

ರೋಟರಿಯ ಆರಂಭದ ಕಥೆಯಲ್ಲೇ ಇದಕ್ಕೊಂದು ಪಾಠವಿದೆ. 1905ರ ಫೆಬ್ರುವರಿ 23ರಂದು ಶಿಕಾಗೊ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಗೆಳೆಯರೊಂದಿಗೆ ಸೇರಿ ಸಭೆ ನಡೆಸಿದಾಗ ಸಮಾಜಸೇವೆಯ ಮಾತು ಮುಂದೆ ಇರಲಿಲ್ಲ. ದೊಡ್ಡ ನಗರದಲ್ಲಿ ಸ್ನೇಹ ಬೇಕಾಗಿತ್ತು, ಒಬ್ಬರ ವ್ಯವಹಾರಕ್ಕೆ ಇನ್ನೊಬ್ಬರ ನೆರವು ಬೇಕಾಗಿತ್ತು. ಮರುವರ್ಷ ಡೊನಾಲ್ಡ್ ಕಾರ್ಟರ್ ಎಂಬ ಮತ್ತೊಬ್ಬ ವಕೀಲರನ್ನು ಸದಸ್ಯರಾಗಲು ಕರೆದಾಗ, ತನ್ನ ಸದಸ್ಯರ ಲಾಭವನ್ನಷ್ಟೇ ನೋಡಿಕೊಳ್ಳುವ ಕೂಟಕ್ಕೆ ಹೆಚ್ಚು ಕಾಲ ಉಳಿಗಾಲವಿಲ್ಲ, ಊರಿಗೂ ಏನಾದರೂ ಮಾಡಬೇಕು ಎಂದು ಅವರು ಆಕ್ಷೇಪಿಸಿದರು. ಹ್ಯಾರಿಸ್ ಆ ಮಾತನ್ನು ಒಪ್ಪಿಕೊಂಡರು, ಕಾರ್ಟರ್ ಸದಸ್ಯರಾದರು. ಹೊರಗಿನಿಂದ ಬರುವವನು ಕೇಳುವ ಇರುಸುಮುರುಸಿನ ಪ್ರಶ್ನೆಗೆ ಕಿವಿಗೊಡುವುದು, ಒಳಗಿದ್ದೂ ಅಂಥ ಪ್ರಶ್ನೆ ಕೇಳುವುದು, ಇವೆರಡೂ ಬದ್ಧತೆಯ ಲಕ್ಷಣಗಳೇ. ಸಭೆಯಲ್ಲಿ ಎಲ್ಲದಕ್ಕೂ ತಲೆದೂಗುವವನನ್ನು ಒಳ್ಳೆಯ ಸದಸ್ಯನೆಂದು ಹೊಗಳುವ ರೂಢಿ ನಮ್ಮಲ್ಲಿದೆ. ನನಗದು ಅಷ್ಟಾಗಿ ಒಪ್ಪಿಗೆಯಿಲ್ಲ.

ಆ ಸಂಸ್ಥೆ 1907ರಲ್ಲಿ ಕೈಗೆತ್ತಿಕೊಂಡ ಮೊದಲ ಸಾರ್ವಜನಿಕ ಕೆಲಸ ಯಾವುದು ಗೊತ್ತೇ? ನಗರದಲ್ಲಿ ಸಾರ್ವಜನಿಕ ಶೌಚಾಲಯ ಕಟ್ಟಿಸುವುದು. ತಮ್ಮಲ್ಲೇ ಆ ಸೌಕರ್ಯ ಇದೆಯೆಂದು ಮದ್ಯದಂಗಡಿಗಳವರೂ ದೊಡ್ಡ ಮಳಿಗೆಗಳವರೂ ವಿರೋಧಿಸಿದರು. ಗಿರಾಕಿಗಳು ಕೈತಪ್ಪುತ್ತಾರೆಂಬ ಅಂಜಿಕೆ ಅವರಿಗೆ. ನಗರಾಡಳಿತವನ್ನು ಒಪ್ಪಿಸಿ ಕೆಲಸ ಮುಗಿಸುವ ಹೊತ್ತಿಗೆ 1909 ಬಂದಿತ್ತು. ಶೌಚಾಲಯಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುವುದರಲ್ಲಿ ಯಾವ ಮೆರುಗೂ ಇಲ್ಲ. ಆದರೆ ಜನರಿಗೆ ನಿಜವಾಗಿ ಬೇಕಾದದ್ದು ಏನೆಂದು ಗುರುತಿಸಿ, ಅದು ಚಿತ್ರಕ್ಕೆ ಒದಗದ ಕೆಲಸವಾದರೂ ಬೆನ್ನುಬಿಡದೆ ಮಾಡಿಸುವ ಗುಣ ಅಲ್ಲಿ ಕಾಣುತ್ತದೆ.

ಈ ಗುರುತಿಸುವ ಕಣ್ಣನ್ನು ಕುರಿತು ಇನ್ನಷ್ಟು ಹೇಳಬೇಕು. 1930ರಲ್ಲಿ ಅಮೆರಿಕದ ಪಿಯೋರಿಯ ನಗರದ ಲಯನ್ಸ್ ಕ್ಲಬ್ಬಿನ ಜಾರ್ಜ್ ಬೋನಮ್ ಅವರು ಅಂಧರೊಬ್ಬರು ರಸ್ತೆ ದಾಟಲು ಕಷ್ಟಪಡುವುದನ್ನು ಕಂಡರು. ಆ ವ್ಯಕ್ತಿಯ ಕೈಯಲ್ಲಿದ್ದ ಕಪ್ಪು ಕೋಲು ವಾಹನ ಚಾಲಕರ ಕಣ್ಣಿಗೆ ಬೀಳುತ್ತಿರಲಿಲ್ಲ. ಕೋಲಿಗೆ ಬಿಳಿ ಬಣ್ಣ ಬಳಿದರೆ ಹೇಗೆ ಎಂಬ ಅವರ ಸಲಹೆಯನ್ನು ಕ್ಲಬ್ಬು ಒಪ್ಪಿತು. ಬಿಳಿ ಕೋಲು ಹಿಡಿದವರಿಗೆ ದಾರಿ ಬಿಡಬೇಕೆಂಬ ನಿಯಮವನ್ನೂ ನಗರಾಡಳಿತ ಜಾರಿಗೆ ತಂದಿತು. ಆ ದೃಶ್ಯವನ್ನು ಅಂದು ಇನ್ನೂ ಹಲವರು ನೋಡಿರಬೇಕು. ಕಂಡದ್ದನ್ನು ಸಭೆಯ ಮುಂದಿಟ್ಟು, ನಿರ್ಣಯವಾಗಿಸಿ, ನಿಯಮದವರೆಗೆ ಒಯ್ಯುವ ತಾಳ್ಮೆ ಇದ್ದದ್ದರಿಂದ ಮರುಕ ಒಂದು ಕೆಲಸವಾಗಿ ಮಾರ್ಪಟ್ಟಿತು.

ಹಾಜರಿಯ ವಿಷಯ ಬೇಗ ಮುಗಿಸುತ್ತೇನೆ. ಸಭೆಗೆ ಬಾರದವನಿಗೆ ಸಂಸ್ಥೆಯಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯುವುದಿಲ್ಲ, ವಂತಿಗೆಯನ್ನು ಕಾಲಕ್ಕೆ ಸರಿಯಾಗಿ ಕೊಡದವನು ಖಜಾಂಚಿಯ ಕೆಲಸವನ್ನು ಸುಮ್ಮನೆ ಹೆಚ್ಚಿಸುತ್ತಾನೆ, ಇಷ್ಟು ಸಾಕು. ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ ಊಟಕ್ಕೆ ಮಾತ್ರ ಉಳಿಯುವವರೂ ಇರುತ್ತಾರೆ, ಅವರ ಮಾತು ಇಲ್ಲಿ ಬೇಡ.

ಹಣದ ವಿಷಯದಲ್ಲಿ ಮಾತ್ರ ಬಿಗಿ ಬೇಕೇ ಬೇಕು. ದಾನಿಗಳ ದುಡ್ಡು ಎಲ್ಲಿಗೆ ಹೋಯಿತೆಂದು ಲೆಕ್ಕ ಕೇಳುವ ಸದಸ್ಯನ ಬಗ್ಗೆ ಸ್ನೇಹಿತರು ಮುನಿಸಿಕೊಳ್ಳಬಹುದು. ಉದ್ಯಮಿ ಹರ್ಬರ್ಟ್ ಟೇಲರ್ ಅವರು 1932ರಲ್ಲಿ ದಿವಾಳಿಯ ಅಂಚಿನಲ್ಲಿದ್ದ ತಮ್ಮ ಕಂಪನಿಗಾಗಿ ನಾಲ್ಕು ಪ್ರಶ್ನೆಗಳನ್ನು ಬರೆದುಕೊಂಡಿದ್ದರು, ಮುಂದೆ ರೋಟರಿ ಅವನ್ನು ತನ್ನದಾಗಿಸಿಕೊಂಡಿತು: ಇದು ಸತ್ಯವೇ, ಸಂಬಂಧಪಟ್ಟ ಎಲ್ಲರಿಗೂ ನ್ಯಾಯವೇ, ಸದ್ಭಾವನೆ ಮತ್ತು ಸ್ನೇಹವನ್ನು ಬೆಳೆಸುವುದೇ, ಎಲ್ಲರಿಗೂ ಹಿತವೇ? ಸ್ನೇಹದ ಪ್ರಶ್ನೆ ಮೂರನೆಯದು, ಸತ್ಯದ ಪ್ರಶ್ನೆ ಮೊದಲನೆಯದು ಎಂಬುದನ್ನು ಗಮನಿಸಬೇಕು. ಸದಸ್ಯರಾದವರು ಈ ಪ್ರಶ್ನೆಗಳನ್ನು ಒಕ್ಕೊರಲಿನಿಂದ ಓದಿದರೆ ಸಾಲದು, ಖರ್ಚಿನ ಪಟ್ಟಿಯ ಎದುರಿಗೂ ಅವನ್ನು ಇಟ್ಟು ನೋಡಬೇಕು.

ಆರಂಭಿಸಿದ್ದನ್ನು ಬಿಡದೆ ನಡೆಸುವ ಗುಣಕ್ಕೆ ಪೋಲಿಯೊ ಕೆಲಸಕ್ಕಿಂತ ದೊಡ್ಡ ಉದಾಹರಣೆ ನನಗೆ ಕಾಣುವುದಿಲ್ಲ. 1979ರಲ್ಲಿ ಫಿಲಿಪೀನ್ಸ್‌ನ ಮಕ್ಕಳಿಗೆ ಲಸಿಕೆ ಹಾಕುವುದರಿಂದ ಆರಂಭಿಸಿದ ರೋಟರಿ, 1985ರಲ್ಲಿ ಅದನ್ನು ವಿಶ್ವವ್ಯಾಪಿ ಕಾರ್ಯಕ್ರಮವಾಗಿಸಿತು. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮುಂತಾದವುಗಳ ಜೊತೆ ಕೈಜೋಡಿಸಿದಾಗ 125ಕ್ಕೂ ಹೆಚ್ಚು ದೇಶಗಳಲ್ಲಿ ವರ್ಷಕ್ಕೆ ಸುಮಾರು 3,50,000 ಮಂದಿ, ಬಹುಪಾಲು ಮಕ್ಕಳು, ಈ ರೋಗದಿಂದ ಅಂಗವಿಕಲರಾಗುತ್ತಿದ್ದರು. ಆ ರೋಗವಿಂದು ಬಹುಮಟ್ಟಿಗೆ ಮರೆಯಾಗಿದೆ. ಇಷ್ಟು ಕಾಲದಲ್ಲಿ ಕ್ಲಬ್ಬುಗಳ ಅಧ್ಯಕ್ಷರು ವರ್ಷವರ್ಷವೂ ಬದಲಾಗಿದ್ದಾರೆ. ಪ್ರತಿಯೊಬ್ಬರೂ ಹಿಂದಿನವರ ಕೆಲಸವನ್ನು ಮೂಲೆಗೆ ತಳ್ಳಿ ತಮ್ಮ ಹೆಸರಿನ ಹೊಸ ಯೋಜನೆಯನ್ನೇ ಹಿಡಿದಿದ್ದರೆ ಲಸಿಕೆಯ ಹನಿಗಳು ಅಷ್ಟು ಮಕ್ಕಳ ಬಾಯಿಗೆ ಬೀಳುತ್ತಿರಲಿಲ್ಲ.

ಹಾಗೆಂದು ಜೀವನಪೂರ್ತಿ ಒಂದೇ ಹೊಣೆಗೆ ಅಂಟಿಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಮನೆಯಲ್ಲಿ ಕಾಯಿಲೆ, ಉದ್ಯೋಗದಲ್ಲಿ ವರ್ಗಾವಣೆ, ವಯಸ್ಸು ಇವೆಲ್ಲ ಯಾರಿಗೂ ಬರುವಂಥವೇ. ಅಂಥ ಸಮಯದಲ್ಲಿ ಸದ್ದಿಲ್ಲದೆ ಮರೆಯಾಗುವ ಬದಲು, ಹಿಡಿದ ಕೆಲಸ ಎಲ್ಲಿಗೆ ಬಂದಿದೆ, ಯಾರಿಗೆ ಏನೆಂದು ಮಾತು ಕೊಟ್ಟಿದ್ದೇವೆ, ಯಾವ ಬಿಲ್ಲು ಬಾಕಿಯಿದೆ, ಯಾವ ಅಧಿಕಾರಿಯನ್ನು ಕಾಣಬೇಕು ಎಂಬುದನ್ನೆಲ್ಲ ಬರೆದಿಟ್ಟು, ಕಡತವನ್ನು ಮುಂದಿನವರ ಕೈಗೊಪ್ಪಿಸಿ, ಅವರೊಂದಿಗೆ ಒಮ್ಮೆ ಸ್ಥಳಕ್ಕೂ ಹೋಗಿ ಪರಿಚಯ ಮಾಡಿಸಿ ಬರುವ ಸದಸ್ಯರು ಸಿಕ್ಕಿದರೆ, ಅವರ ನಂತರ ಬರುವವರು ಮೊದಲ ದಿನದಿಂದಲೇ ಕೆಲಸ ಮುಂದುವರಿಸಬಹುದು.