ನಮ್ಮಲ್ಲಿಲ್ಲದ ‘ಹ್ಯಾವ್’

ಕೇಳುಗರೆ, ನಮಸ್ಕಾರ.

ನನಗೆ ಇಬ್ಬರು ಅಣ್ಣಂದಿರಿದ್ದಾರೆ. ನನ್ನ ಹತ್ತಿರ 100 ರೂಪಾಯಿ ಇದೆ. ನನ್ನಲ್ಲಿ ತಾಳ್ಮೆ ಇಲ್ಲ. ಮೂರು ಮಾತು, ಮೂರು ಬಗೆ: ಒಂದಕ್ಕೆ ‘ಗೆ’, ಒಂದಕ್ಕೆ ‘ಹತ್ತಿರ’, ಇನ್ನೊಂದಕ್ಕೆ ‘ಅಲ್ಲಿ’. ಕೊನೆಗೆ ಬರುವುದು ಮಾತ್ರ ‘ಇರು’ ಧಾತುವೇ, ಇಲ್ಲವೇ ಅದರ ನಿಷೇಧ. ಇಂಗ್ಲಿಷಿನಲ್ಲಿ ಮೂರಕ್ಕೂ ‘ಹ್ಯಾವ್’ ಒಂದೇ ಸಾಕು. ‘ನನಗೆ’ ಅನ್ನುವುದು ಅಲ್ಲಿ ‘ನಾನು’ ಆಗಿ ಮುಂದೆ ಬಂದು ಕೂರುತ್ತದೆ.

ನಾವು ಎಡವುವುದು ಇಲ್ಲೇ. ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಅಂದುಬಿಡುತ್ತೇವೆ. ‘ಐ ಹ್ಯಾವ್ ಟೂ ಬ್ರದರ್ಸ್’ ಆಗಬೇಕು. ಹಾಗಂತ ‘ಹ್ಯಾವಿಂಗ್’ ಎಲ್ಲ ಕಡೆಯೂ ತಪ್ಪಲ್ಲ. ‘ಐ ಆಮ್ ಹ್ಯಾವಿಂಗ್ ಲಂಚ್’ ಸರಿಯೇ. ಯಾವುದು ಸರಿ ಅಂತ ತಿಳಿಯಲು ಕನ್ನಡದಲ್ಲೇ ‘ತಾ ಇದೆ’ ಸೇರಿಸಿ ನೋಡಿ. ‘ಊಟ ಮಾಡ್ತಾ ಇದ್ದೇನೆ’ ಅನ್ನಬಹುದು, ‘ತೊಂದರೆ ಆಗ್ತಾ ಇದೆ’ ಅನ್ನಬಹುದು. ಅಂಥ ಕಡೆ ಸಾಮಾನ್ಯವಾಗಿ ‘ಹ್ಯಾವಿಂಗ್’ ನಡೆಯುತ್ತದೆ. ‘ನನಗೆ ಇಬ್ಬರು ಅಣ್ಣಂದಿರು ಇರ್ತಾ ಇದ್ದಾರೆ’ ಅಂತ ಯಾರಾದರೂ ಅಂದಾರೆಯೇ? ಅಲ್ಲಿ ಬೇಡ. ‘ಶಿ ಈಸ್ ಹ್ಯಾವಿಂಗ್ ಟೂ ಚಿಲ್ಡ್ರನ್’ ಅಂದರಂತೂ ಅವಳಿ ಮಕ್ಕಳ ಬಸುರಿ ಅಂದುಕೊಂಡಾರು!

ಇನ್ನೊಂದು ಪ್ರಯೋಗ ನಮ್ಮ ‘ಇಸು’ ಪ್ರತ್ಯಯಕ್ಕೆ ತೀರ ಹತ್ತಿರ. ಕ್ಷೌರದಂಗಡಿಗೆ ಹೋಗಿ ಬಂದವರು ‘ಐ ಕಟ್ ಮೈ ಹೇರ್’ ಅಂದರೆ ಕತ್ತರಿ ಅವರ ಕೈಯಲ್ಲೇ ಇತ್ತು ಅಂತಾಗುತ್ತದೆ. ‘ಐ ಹ್ಯಾಡ್ ಮೈ ಹೇರ್ ಕಟ್’ ಅಂದರೆ ‘ಕ್ಷೌರ ಮಾಡಿಸಿಕೊಂಡೆ’. ‘ಹ್ಯಾಡ್’ ಆದಮೇಲೆ ವಸ್ತು, ಆಮೇಲೆ ಕ್ರಿಯೆಯ ಮೂರನೆಯ ರೂಪ; ಈ ಕ್ರಮ ತಪ್ಪಬಾರದು. ‘ಐ ಹ್ಯಾಡ್ ಕಟ್ ಮೈ ಹೇರ್’ ಅಂತ ಹಿಂದುಮುಂದಾದರೆ ಕತ್ತರಿ ಮತ್ತೆ ನಿಮ್ಮ ಕೈಗೇ ಬಂತು.

‘ನಿನ್ನೆ ಅವರನ್ನು ನೋಡಿದ್ದೇನೆ’ ಕನ್ನಡಕ್ಕೆ ಒಪ್ಪುತ್ತದೆ. ಆದರೆ ‘ಯೆಸ್ಟರ್ಡೇ’ ಬಂದ ಕಡೆ ‘ಹ್ಯಾವ್ ಸೀನ್’ ಬರುವಂತಿಲ್ಲ, ‘ಐ ಸಾ ಹಿಮ್’ ಅನ್ನಬೇಕು.

ಇನ್ನು ‘ಹ್ಯಾವ್ ಟು’. ಬರೆಯುವಾಗ ‘ವ’ಕಾರ ಇದ್ದರೂ ಆಡುವಾಗ ‘ಹ್ಯಾಫ್‌ಟು’ ಅಂತಲೇ ಕೇಳಿಸುತ್ತದೆ. ‘ಐ ಹ್ಯಾವ್ ಟು ಗೋ’ ಅಂದರೆ ಹೋಗಲೇಬೇಕು. ‘ಯು ಡೋಂಟ್ ಹ್ಯಾವ್ ಟು ಗೋ’ ಅಂದಾಗ ಯಾರೂ ನಿಮ್ಮನ್ನು ತಡೆಯುತ್ತಿಲ್ಲ. ಅದು ‘ಹೋಗಬಾರದು’ ಅಲ್ಲ, ‘ಹೋಗಬೇಕಾಗಿಲ್ಲ’.

ನಮಸ್ಕಾರ.